ಸಹಾಯ ಬೇಕು: ಭತ್ತದ ಗದ್ದೆಯಲ್ಲಿ ನೀರು ನಿಲ್ಲಿಸಲೇ, ಬಸಿಯಲೇ?

ಲಿಂಗಸುಗೂರು ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಎರೆಭೂಮಿ, ಬೋರ್‌ವೆಲ್ ನೀರಿನ ಭತ್ತ. ನೀರಿನ ಪರೀಕ್ಷೆಯಲ್ಲಿ ಆರ್ಸೆನಿಕ್ ಎಂಬ ವಿಷವಸ್ತು ಲೀಟರಿಗೆ 40 ಮೈಕ್ರೋಗ್ರಾಂ ಬಂದಿದೆ. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 10. ಮಣ್ಣಿನ ಪಿಎಚ್ 8.1, ಅಂದರೆ ಕ್ಷಾರ ಮಣ್ಣು.

ನೀರು ನಿಂತರೆ ಮಣ್ಣಿನ ಕಬ್ಬಿಣದ ಆಕ್ಸೈಡ್ ಕರಗಿ, ಅದಕ್ಕೆ ಅಂಟಿಕೊಂಡಿದ್ದ ಆರ್ಸೆನಿಕ್ ಬೇರಿಗೆ ಸಿಗುತ್ತದೆ. ಬಸಿದರೆ ಅದು ತಗ್ಗುತ್ತದೆ, ಆದರೆ ಇನ್ನೊಂದು ವಿಷಲೋಹವಾದ ಕ್ಯಾಡ್ಮಿಯಂ ಅಕ್ಕಿಯಲ್ಲಿ ಏರುತ್ತದೆ. ಅತ್ತ ದರಿ, ಇತ್ತ ಪುಲಿ! ಕ್ಷಾರ ಮಣ್ಣಿನಲ್ಲಿ ಕ್ಯಾಡ್ಮಿಯಂ ಅಷ್ಟಾಗಿ ಕರಗದು ಎಂಬುದೊಂದೇ ನನ್ನ ಧೈರ್ಯ.

ನೀರು ಕಟ್ಟಿ, ಒಣಗಿಸಿ, ಮತ್ತೆ ಕಟ್ಟುವ ಪದ್ಧತಿಯನ್ನು ಎರೆಯಲ್ಲಿ ಮಾಡಿದವರು ಇದ್ದೀರಾ? (ಬಿರುಕು ಬಿಟ್ಟ ಮೇಲೆ ನೀರು ನಿಲ್ಲುವುದೇ ಕಷ್ಟ.) ಆರ್ಸೆನಿಕ್‌ಗೆ ಪೈಪೋಟಿ ಕೊಡಲೆಂದು ಸಿಲಿಕಾನ್ ಇರುವ ಹೊಟ್ಟಿನ ಬೂದಿಯನ್ನು ಎಕರೆಗೆ ಎಷ್ಟು ಹಾಕಿದಿರಿ? ಅಕ್ಕಿಯಲ್ಲಿ ಎರಡನ್ನೂ ಅಳೆಯುವ ಪ್ರಯೋಗಾಲಯ ಹತ್ತಿರದಲ್ಲಿ ಎಲ್ಲಿದೆ? ನಾಟಿಗೆ ಮೂರು ವಾರವಷ್ಟೇ ಉಳಿದಿದೆ.