ಪದಚರ್ಚೆ: ಕರ್ನೆಲ್ ವಸ್ತುಗಳ ‘ಲೈಫ್‌ಟೈಮ್’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನೋಣ?

ಪದಬಲ್ಲವರಿಗೆ ನಮಸ್ಕಾರ.

ಲಿನಕ್ಸ್ ಕರ್ನೆಲ್ಲಿನ ಡಿಸ್‌ಪ್ಲೇ ಡ್ರೈವರ್‌ಗಳನ್ನು ಕುರಿತು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. (ಕರ್ನೆಲ್ ಎಂದರೆ ಗಣಕದ ಕಾರ್ಯವ್ಯವಸ್ಥೆಯ ತಿರುಳು, ಡ್ರೈವರ್ ಎಂದರೆ ಅದರೊಳಗೆ ಒಂದು ಬಗೆಯ ಯಂತ್ರವನ್ನು ನೋಡಿಕೊಳ್ಳುವ ತಂತ್ರಾಂಶ.) ಪರದೆಯ ಮೇಲೆ ಚಿತ್ರ ಮೂಡುವ ಬಗೆಯನ್ನು ವಿವರಿಸುವುದು ಅಷ್ಟೇನೂ ಕಷ್ಟವಾಗಲಿಲ್ಲ. ಸಿಕ್ಕಿಕೊಂಡದ್ದು ಅದರ ಮುಂದಿನ ಅಧ್ಯಾಯದಲ್ಲಿ. ಡ್ರೈವರ್ ಮೆಮೊರಿಯಲ್ಲಿ ಕಟ್ಟಿಕೊಳ್ಳುವ ವಸ್ತುಗಳು, ಅಂದರೆ ಮಾಹಿತಿಯ ರಚನೆಗಳು, ಯಾವಾಗ ಹುಟ್ಟುತ್ತವೆ, ಎಲ್ಲಿಯವರೆಗೆ ಇರಬೇಕು, ಯಾವಾಗ ಹೋಗಬೇಕು ಎಂಬುದು ಅಲ್ಲಿಯ ವಿಷಯ. ಇಂಗ್ಲಿಷಿನಲ್ಲಿ ಇದಕ್ಕೆಲ್ಲ ‘ಲೈಫ್‌ಟೈಮ್’ ಎಂಬ ಒಂದೇ ಪದ ಸಾಕು. ನಾನು ಮೊದಲ ಕರಡಿನಲ್ಲಿ ಹಿಂದೆ ಮುಂದೆ ನೋಡದೆ ‘ಜೀವಿತಾವಧಿ’ ಎಂದು ಬರೆದೆ. ಕರಡು ಓದಿದ ಗೆಳೆಯರೊಬ್ಬರು ಅಂಚಿನಲ್ಲಿ ಪೆನ್ಸಿಲಿನಿಂದ ಹೀಗೆ ಕೇಳಿದ್ದರು: “ಈ ಅವಧಿ ಎಷ್ಟು? ಸೆಕೆಂಡುಗಳಲ್ಲಿಯೋ, ನಿಮಿಷಗಳಲ್ಲಿಯೋ?”

ತಪ್ಪು ಅವರದಲ್ಲ, ನಾನು ಆರಿಸಿದ ಪದದ್ದು. ಅಧಿಕಾರಾವಧಿ, ಸಾಲದ ಅವಧಿ, ಅವಧಿ ಮೀರಿದ ಔಷಧಿ ಎಂದೆಲ್ಲ ನಾವು ಹೇಳುವಾಗ ಮೊದಲೇ ಗೊತ್ತುಪಡಿಸಿದ ಕೊನೆಯೊಂದು ಮನಸ್ಸಿನಲ್ಲಿರುತ್ತದೆ. ಕರ್ನೆಲ್ಲಿನ ವಸ್ತುವಿಗೆ ಅಂಥ ಗಡುವಿಲ್ಲ. ಅದನ್ನು ಬಳಸುತ್ತಿರುವವರಲ್ಲಿ ಕಟ್ಟಕಡೆಯವರು ಕೈಬಿಡುವ ತನಕ ಅದು ಇರಬೇಕು. ಅದು ಮಿಲಿಸೆಕೆಂಡಾಗಬಹುದು, ಗಣಕ ಚಾಲೂ ಇರುವಷ್ಟು ದಿನವೂ ಆಗಬಹುದು. ‘ಆಯುಷ್ಯ’ ಎಂದರೆ ಗಡುವನ್ನು ಬೇರೆ ಯಾರೋ ಬರೆದಿಟ್ಟ ಭಾವ ಬರುತ್ತದೆ. ‘ಬಾಳಿಕೆ’ ನನಗೆ ಬಹಳ ಇಷ್ಟವಾದ ಪದ. ಆದರೆ ಅದು ಬಟ್ಟೆ, ಚಪ್ಪಲಿ, ಬ್ಯಾಟರಿಗಳ ಗಟ್ಟಿತನಕ್ಕೆ ಸಲ್ಲುವ ಮಾತು. ಬಾಳಿಕೆ ಹೆಚ್ಚಿದ್ದಷ್ಟೂ ಒಳ್ಳೆಯದು. ಇಲ್ಲಿ ಹಾಗಿಲ್ಲ: ವಸ್ತು ಬೇಕಾದಷ್ಟಕ್ಕಿಂತ ಹೆಚ್ಚು ಉಳಿದರೆ ಮೆಮೊರಿ ಸೋರುತ್ತದೆ, ಬೇಗ ಹೋದರೆ ಕರ್ನೆಲ್ ಕುಸಿಯುತ್ತದೆ.

ತೊಡಕು ಎಲ್ಲಿದೆ ಎಂಬುದು ಒಂದು ಪ್ರಸಂಗದಿಂದ ತಿಳಿಯುತ್ತದೆ. ಯುಎಸ್‌ಬಿ ಮೂಲಕ ಮಾನಿಟರ್ ಜೋಡಿಸುವ ಅಡಾಪ್ಟರ್ ಒಂದಿದೆ ಎನ್ನಿ. ಅದನ್ನು ಚುಚ್ಚಿದಾಗ ಡ್ರೈವರ್ ಎಚ್ಚೆತ್ತು, ಬಳಕೆದಾರರ ಕಡೆಗೆ ತೋರಿಸಲು ಒಂದು ಡಿಆರ್‌ಎಮ್ ಸಾಧನವನ್ನು ಸೃಷ್ಟಿಸುತ್ತದೆ. (ಡಿಆರ್‌ಎಮ್ ಎಂಬುದು ಲಿನಕ್ಸಿನ ಡೈರೆಕ್ಟ್ ರೆಂಡರಿಂಗ್ ಮ್ಯಾನೇಜರ್, ಹಾಡು, ಸಿನಿಮಾಗಳಿಗೆ ಬೀಗ ಹಾಕುವ ಇನ್ನೊಂದು ಡಿಆರ್‌ಎಮ್ ಅಲ್ಲ.) ಪರದೆಯನ್ನು ನಡೆಸುವ ಪ್ರೋಗ್ರಾಮು ಆ ಸಾಧನದ ಕಡತವನ್ನು ತೆರೆದುಕೊಂಡು ಕೂತಿದೆ. ಈಗ ಯಾರೋ ಕೇಬಲ್ ಕಿತ್ತರು. ಯಂತ್ರ ಹೋಯಿತು, ಡ್ರೈವರ್‌ಗೂ ಯಂತ್ರಕ್ಕೂ ಇದ್ದ ಕಟ್ಟು ಬಿಚ್ಚಿತು. ಆದರೆ ಪ್ರೋಗ್ರಾಮು ಕಡತವನ್ನು ಮುಚ್ಚಿಲ್ಲ. ಅದು ಮುಂದಿನ ಕ್ಷಣವೇ “ಈ ಚಿತ್ರವನ್ನು ತೋರಿಸು” ಎಂದು ಕೇಳಬಹುದು. ಕೇಳಿದಾಗ “ಸಾಧನ ಈಗಿಲ್ಲ” ಎಂದು ಹೇಳುವುದಕ್ಕಾದರೂ ಕರ್ನೆಲ್ಲಿನಲ್ಲಿ ಡಿಆರ್‌ಎಮ್ ಸಾಧನ ಎಂಬ ವಸ್ತು ಉಳಿದಿರಬೇಕು. ಹೀಗೆ ಒಂದೇ ಅಡಾಪ್ಟರಿಗೆ ಸಂಬಂಧಿಸಿದ ಎರಡು ವಸ್ತುಗಳು ಎರಡು ಬೇರೆ ಗಳಿಗೆಗಳಲ್ಲಿ ಕೊನೆಗೊಳ್ಳುತ್ತವೆ.

ಇಷ್ಟನ್ನು ವಿವರಿಸಲು ಕೂತಾಗ ನನಗೆ ಹೊಳೆದದ್ದು ಭಾಷೆಯ ಸಂಗತಿ. ವಾಕ್ಯದೊಳಗೆ ನಾಮಪದವೇ ಬೇಕಾಗುವುದಿಲ್ಲ, ‘ತನಕ’ ಸಾಕು. “ಯಂತ್ರ ಜೋಡಣೆಯಲ್ಲಿರುವ ತನಕ ಇದು ಇರುತ್ತದೆ”, “ಕೊನೆಯ ಕಡತ ಮುಚ್ಚುವ ತನಕ ಅದು ಇರುತ್ತದೆ.” ಇಂಗ್ಲಿಷಿನ ‘ಲೈಫ್‌ಟೈಮ್’ ಎಂಬ ನಾಮಪದ ಒಂದು ಮುಖ್ಯ ಪ್ರಶ್ನೆಯನ್ನು ಹೊದ್ದುಕೊಂಡು ಕುಳಿತುಬಿಡುತ್ತದೆ: ಯಾವುದರ ತನಕ? ಕನ್ನಡದಲ್ಲಿ ‘ತನಕ’ ಎಂದಮೇಲೆ ಅದರ ಹಿಂದೆ ಒಂದು ಕ್ರಿಯೆಯೋ ಹೊತ್ತೋ ಎಲ್ಲೆಯೋ ಬರಲೇಬೇಕು, ಇಲ್ಲದಿದ್ದರೆ ವಾಕ್ಯ ನಿಲ್ಲುವುದಿಲ್ಲ. ಡಿಸ್‌ಪ್ಲೇ ಡ್ರೈವರ್‌ಗಳಲ್ಲಿ ಬಹುಕಾಲ ಉಳಿದುಕೊಂಡ ಒಂದು ಜಾತಿಯ ದೋಷ ಈ ಪ್ರಶ್ನೆಯನ್ನು ಕೇಳದೆ ಹೋದುದರಿಂದಲೇ ಹುಟ್ಟಿತು.

ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2007ರಲ್ಲಿ ಬಂದ ಕರ್ನೆಲ್ 2.6.21ರಲ್ಲಿ ‘ಡೆವ್‌ಎಮ್’ ಎಂಬ ಮುಂಪದವಿರುವ ಒಂದು ಸೌಕರ್ಯ ಸೇರಿತು. ಅದರ ಮೂಲಕ ಪಡೆದ ಮೆಮೊರಿ, ಇಂಟರಪ್ಟ್ (ಯಂತ್ರ ಕರ್ನೆಲ್ಲಿನ ಗಮನ ಸೆಳೆಯುವ ಸಂಕೇತ) ಮುಂತಾದವನ್ನು ಡ್ರೈವರ್ ಬರೆಯುವವರು ಒಂದೊಂದಾಗಿ ಹಿಂದಿರುಗಿಸಬೇಕಿಲ್ಲ. ಯಂತ್ರದಿಂದ ಡ್ರೈವರ್ ಬೇರ್ಪಟ್ಟಾಗ ಎಲ್ಲವೂ ಪಡೆದ ಕ್ರಮಕ್ಕೆ ಹಿಮ್ಮುಖವಾಗಿ ತಾನಾಗಿ ತೆರವಾಗುತ್ತವೆ. ಬಹಳ ಅನುಕೂಲ. ಅನುಕೂಲವೆಂದೇ ಹಲವರು ಪರದೆಗೆ ಸಂಬಂಧಿಸಿದ ವಸ್ತುಗಳನ್ನೂ ಅದರಿಂದಲೇ ಪಡೆದರು. ಆದರೆ ಆ ವಸ್ತುಗಳು ಇರಬೇಕಾದದ್ದು ಯಂತ್ರ ಇರುವ ತನಕವಲ್ಲ, ಡಿಆರ್‌ಎಮ್ ಸಾಧನ ಇರುವ ತನಕ. ಕೇಬಲ್ ಕಿತ್ತೊಡನೆ ಮೆಮೊರಿ ತೆರವಾಯಿತು, ಕಡತ ತೆರೆದು ಕೂತ ಪ್ರೋಗ್ರಾಮು ಆ ತೆರವಾದ ಜಾಗಕ್ಕೆ ಕೈಹಾಕಿತು. ಇದನ್ನು ಸರಿಪಡಿಸಲು 2020ರ 5.8 ಕರ್ನೆಲ್ಲಿನಲ್ಲಿ ‘ಡಿಆರ್‌ಎಮ್‌ಎಮ್’ ಎಂಬ ಮುಂಪದದ ಇನ್ನೊಂದು ಸೌಕರ್ಯ ಬಂತು. ಕೆಲಸದ ರೀತಿ ಅದೇ. ಕಟ್ಟುವ ಗೂಟ ಮಾತ್ರ ಬೇರೆ. ಇದಕ್ಕೆ ಕಟ್ಟಿದವು ಡಿಆರ್‌ಎಮ್ ಸಾಧನದ ಕೊನೆಯ ಹಿಡಿತ ಸಡಿಲಿದಾಗ ಹೋಗುತ್ತವೆ.

ಇಂಗ್ಲಿಷಿನಲ್ಲಿ ಎರಡನ್ನೂ ‘ಮ್ಯಾನೇಜ್ಡ್’ ಎನ್ನುತ್ತಾರೆ. ‘ನಿರ್ವಹಿತ’ ಎಂದು ಕನ್ನಡಿಸಿದರೆ ಏನೂ ತಿಳಿಯುವುದಿಲ್ಲ. ಈಗಷ್ಟೇ ‘ಗೂಟ’ ಎಂದು ಬರೆದೆನಲ್ಲ, ಅದು ತಾನಾಗಿ ಬಂದ ಮಾತು. ‘ಯಂತ್ರಕ್ಕೆ ಕಟ್ಟಿದ ಮೆಮೊರಿ’, ‘ಸಾಧನಕ್ಕೆ ಕಟ್ಟಿದ ಮೆಮೊರಿ’ ಎಂದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇದಕ್ಕೆ ಆಕ್ಷೇಪ ಇರಲಾರದು ಎಂದುಕೊಂಡಿದ್ದೇನೆ. ಆಕ್ಷೇಪ ಬರಬಹುದಾದದ್ದು ‘ಯಂತ್ರ’ ಮತ್ತು ‘ಸಾಧನ’ ಎಂಬ ಜೋಡಿಗೆ. ಇಂಗ್ಲಿಷಿನಲ್ಲಿ ಎರಡೂ ‘ಡಿವೈಸ್’. ನಾನು ಮೊದಲು ಒಂದನ್ನು ‘ಉಪಕರಣ’, ಇನ್ನೊಂದನ್ನು ‘ಸಾಧನ’ ಎಂದಿದ್ದೆ. ನಾಲ್ಕು ಪುಟ ಕಳೆಯುವಷ್ಟರಲ್ಲಿ ಯಾವುದು ಯಾವುದೆಂದು ನನಗೇ ಮರೆತಿತ್ತು.

ಇನ್ನು ‘ಹಿಡಿತ’. ಇದರ ಬಗ್ಗೆಯೇ ನನಗೆ ಹೆಚ್ಚು ಅಭಿಪ್ರಾಯಗಳು ಬೇಕು.

‘ರೆಫರೆನ್ಸ್’ ಎಂಬುದಕ್ಕೆ ಗಣಕ ಪದಕೋಶಗಳಲ್ಲಿ ‘ಉಲ್ಲೇಖ’ ಎಂದಿರುತ್ತದೆ. ಪುಸ್ತಕದಲ್ಲಿ ಒಬ್ಬರನ್ನು ಉಲ್ಲೇಖಿಸಿದರೆ ಅವರು ಉಳಿಯಬೇಕೆಂದೇನೂ ಇಲ್ಲ, ಇಲ್ಲವಾದವರನ್ನೂ ಉಲ್ಲೇಖಿಸುತ್ತೇವೆ. ಕರ್ನೆಲ್ಲಿನ ರೆಫರೆನ್ಸ್ ಇದಕ್ಕೆ ತದ್ವಿರುದ್ಧ. ಅದು ವಸ್ತುವನ್ನು ಹೋಗಗೊಡದೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಹಿಡಿಯಬಹುದಾದ ವಸ್ತುವಿನೊಳಗೆ ಒಂದು ಎಣಿಕೆ ಇರುತ್ತದೆ: ಹಿಡಿದಾಗ ಒಂದು ಏರುತ್ತದೆ, ಬಿಟ್ಟಾಗ ಒಂದು ಇಳಿಯುತ್ತದೆ, ಸೊನ್ನೆ ಮುಟ್ಟಿದರೆ ವಸ್ತು ಹೋಗುತ್ತದೆ. 2004ರಿಂದ ಕರ್ನೆಲ್ಲಿನಲ್ಲಿ ಇದಕ್ಕೆಂದೇ ‘ಕೆ-ರೆಫ್’ ಎಂಬ ಪುಟ್ಟ ರಚನೆ ಇದೆ. ಹಾಗಾಗಿ ‘ಉಲ್ಲೇಖ ಎಣಿಕೆ’ಗಿಂತ ‘ಹಿಡಿತದ ಎಣಿಕೆ’ ನಿಜಕ್ಕೆ ಹತ್ತಿರ ಎಂದು ನನ್ನ ಅನಿಸಿಕೆ.

ಆದರೆ ತಕರಾರು ಇದೆ. ಬೀಗವನ್ನೂ, ಅಂದರೆ ‘ಲಾಕ್’ ಎಂಬುದನ್ನೂ, ಹಿಡಿಯುತ್ತಾರೆ. ‘ಅಧಿಕಾರದ ಮೇಲೆ ಹಿಡಿತ’ ಎನ್ನುವಾಗ ಹಿಡಿತಕ್ಕೆ ಹತೋಟಿ ಎಂಬ ಅರ್ಥವೂ ಬರುತ್ತದೆ. ಬೀಗ ಹಿಡಿದವರು ಇತರರನ್ನು ತಡೆಯುತ್ತಾರೆ. ರೆಫರೆನ್ಸ್ ಹಿಡಿದವರು ಯಾರನ್ನೂ ತಡೆಯುವುದಿಲ್ಲ. ವಸ್ತುವಿನ ಒಳಗಿರುವುದನ್ನು ಇನ್ನೊಬ್ಬರು ಬದಲಿಸುತ್ತಲೇ ಇರಬಹುದು, ವಸ್ತು ಮಾತ್ರ ಮಾಯವಾಗುವುದಿಲ್ಲ. ಹೊಸಬರು ಈ ಎರಡನ್ನು ಗೊಂದಲ ಮಾಡಿಕೊಳ್ಳುವುದು ಎಲ್ಲ ಭಾಷೆಗಳಲ್ಲಿಯೂ ಇದ್ದದ್ದೇ. ನಮ್ಮ ಪದವೇ ಆ ಗೊಂದಲಕ್ಕೆ ದಾರಿಮಾಡಿಕೊಡಬಾರದು.

‘ಋಣ’ ಎಂಬ ಪದವನ್ನೂ ತೂಗಿ ನೋಡಿದೆ. ‘ಋಣ ತೀರಿತು’ ಎಂದರೆ ಹೋಗುವ ಹೊತ್ತು ಬಂತು ಎಂದೇ ಅರ್ಥ. ಎಣಿಕೆ ಸೊನ್ನೆಯಾದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಗದು. ಆದರೆ ಗಣಿತ ಓದಿದವರು ‘ಋಣದ ಎಣಿಕೆ’ ಎಂಬುದನ್ನು ಸೊನ್ನೆಗಿಂತ ಕೆಳಗಿನ ಸಂಖ್ಯೆ ಎಂದೇ ಓದುತ್ತಾರೆ. ಹಿಡಿತದ ಎಣಿಕೆ ಸೊನ್ನೆಯ ಕೆಳಗಿಳಿಯುವುದು ಇಲ್ಲಿ ಎಲ್ಲಕ್ಕಿಂತ ದೊಡ್ಡ ಅನಾಹುತ. 2017ರ 4.11 ಕರ್ನೆಲ್ಲಿನಲ್ಲಿ ಬಂದ ಹೊಸ ಬಗೆಯ ಎಣಿಕೆಯಂತೂ, ಲೆಕ್ಕ ಹೀಗೆ ತಪ್ಪಿದ್ದು ಕಂಡರೆ ಎಚ್ಚರಿಕೆ ಮುದ್ರಿಸಿ, ಮುಂದೆ ಏರದೆ ಇಳಿಯದೆ ಅಲ್ಲಿಯೇ ಮೊಂಡು ಹಿಡಿದು ನಿಂತುಬಿಡುತ್ತದೆ. ಮೆಮೊರಿ ಸೋರಿದರೂ ಸರಿ, ತೆರವಾದ ಜಾಗವನ್ನು ಯಾರೂ ಮುಟ್ಟಬಾರದು ಎಂಬ ಲೆಕ್ಕಾಚಾರ. ಅಂತೂ ‘ಋಣ’ವನ್ನು ಒಲ್ಲದ ಮನಸ್ಸಿನಿಂದ ಕೈಬಿಟ್ಟೆ.

ಹಿಡಿತ ಉಳಿದರೆ ಇನ್ನೊಂದು ಲಾಭವೂ ಇದೆ, ಇನ್ನೊಂದು ತೊಂದರೆಯೂ ಇದೆ. ಚಿತ್ರದ ಮೆಮೊರಿಯನ್ನು ನೋಡಿಕೊಳ್ಳಲು 2008ರಲ್ಲಿ ಡಿಆರ್‌ಎಮ್‌ಗೆ ಸೇರಿದ ‘ಜೆಮ್’ ಎಂಬ ವ್ಯವಸ್ಥೆಯಲ್ಲಿ ಪ್ರೋಗ್ರಾಮಿನ ಕೈಗೆ ಸಿಗುವುದು ‘ಹ್ಯಾಂಡಲ್’ ಎಂಬ ಒಂದು ಪೂರ್ಣಾಂಕ ಮಾತ್ರ. ಕನ್ನಡದಲ್ಲಿ ಹ್ಯಾಂಡಲ್ ಎಂದರೆ ‘ಹಿಡಿಕೆ’. ಹಿಡಿಕೆ ಒಂದು ಹಿಡಿತವನ್ನು ಉಂಟುಮಾಡುತ್ತದೆ. ಆದರೆ ಹಿಡಿಕೆಯನ್ನು ಮುಚ್ಚಿದರೂ ಹಿಡಿತಗಳು ಉಳಿದಿರಬಹುದು. ಪರದೆಯ ಮೇಲೆ ಈಗ ಕಾಣುತ್ತಿರುವ ಫ್ರೇಮ್‌ಬಫರ್, ಅಂದರೆ ತೋರಿಸಬೇಕಾದ ಚಿತ್ರವನ್ನು ಪ್ರತಿನಿಧಿಸುವ ವಸ್ತು, ಆ ಮೆಮೊರಿಯನ್ನು ಹಿಡಿದಿರುತ್ತದೆ. ಡ್ರೈವರ್‌ಗಳು ಮೆಮೊರಿಯನ್ನು ಹಂಚಿಕೊಳ್ಳಲೆಂದು 2012ರಲ್ಲಿ ಬಂದ ಡಿಎಮ್‌ಎ-ಬಫ್ ಎಂಬ ಏರ್ಪಾಡಿನ ಮೂಲಕ ಅದನ್ನು ಬೇರೊಂದು ಡ್ರೈವರ್‌ಗೆ ಕೊಟ್ಟಿದ್ದರೆ ಅದೂ ಹಿಡಿದಿರುತ್ತದೆ. ಆದ್ದರಿಂದಲೇ ಜೆಮ್ ವಸ್ತುವಿನೊಳಗೆ ಹಿಡಿಕೆಗಳಿಗೊಂದು, ಹಿಡಿತಗಳಿಗೊಂದು ಎಂದು ಎರಡು ಎಣಿಕೆಗಳಿವೆ. “ಹಿಡಿಕೆ ಹೋಯಿತು, ಹಿಡಿತ ಉಳಿಯಿತು” ಎಂಬ ವಾಕ್ಯ ಬರೆದಾಗ ನನಗೆ ಖುಷಿಯಾಯಿತು. ಮಾರನೆಯ ದಿನ ಓದಿದಾಗ ಅಚ್ಚಿನ ದೋಷದಂತೆ ಕಂಡಿತು. ಒಂದೇ ಅಕ್ಷರದ ವ್ಯತ್ಯಾಸ ಓದುಗರ ಕಣ್ಣು ತಪ್ಪಿಸುವುದಿಲ್ಲವೇ?

‘ಬಿಡು’ ಎಂಬ ಕ್ರಿಯಾಪದದ್ದು ಇನ್ನೊಂದು ಕಥೆ. ಕರ್ನೆಲ್ಲಿನಲ್ಲಿ ಹಿಡಿಯಲು ‘ಗೆಟ್’, ಬಿಡಲು ‘ಪುಟ್’. ಹಿಡಿ–ಬಿಡು ಎಂಬ ಜೋಡಿ ಹೇಳಿ ಮಾಡಿಸಿದಂತಿದೆ. ಆದರೆ ‘ಬಿಡು’ ನಮ್ಮಲ್ಲಿ ಎಲ್ಲ ಕ್ರಿಯೆಗಳ ಬಾಲಕ್ಕೂ ಅಂಟಿಕೊಳ್ಳುತ್ತದೆ. “ಡ್ರೈವರ್ ವಸ್ತುವನ್ನು ಹಿಡಿದುಬಿಟ್ಟಿತು” ಎಂದರೆ ಹಿಡಿದೇ ತೀರಿತು ಎಂದೋ, ಹಿಡಿದು ಆಮೇಲೆ ಬಿಟ್ಟಿತು ಎಂದೋ? ಮಾತಿನಲ್ಲಿ ಸಂಶಯ ಬರದು. ಎಣಿಕೆ ಸರಿಹೊಂದಲೇಬೇಕಾದ ತಾಂತ್ರಿಕ ಬರಹದಲ್ಲಿ ಬರುತ್ತದೆ. ಆದ್ದರಿಂದ ಈ ಅಧ್ಯಾಯದಲ್ಲಿ ‘ಬಿಡು’ವನ್ನು ಸಹಾಯಕ ಕ್ರಿಯಾಪದವಾಗಿ ಬಳಸಬಾರದೆಂದು ನನಗೆ ನಾನೇ ಕಟ್ಟಳೆ ಹಾಕಿಕೊಂಡಿದ್ದೇನೆ. ಈ ಪತ್ರದಲ್ಲಿಯೇ ಅದನ್ನು ಎರಡು ಸಲ ಮುರಿದಿದ್ದೇನೆ.

‘ಫ್ರೀ’ ಎಂಬುದಕ್ಕೆ ‘ಮುಕ್ತ’ ಒಗ್ಗುವುದಿಲ್ಲ, ಅದು ಮುಕ್ತ ತಂತ್ರಾಂಶಕ್ಕೆ ಮೀಸಲಾಗಿ ಹೋಗಿದೆ. ‘ಬಿಡುಗಡೆ’ ಎಂದರೆ 5.8ರ ಬಿಡುಗಡೆ ನೆನಪಾಗುತ್ತದೆ. ‘ತೆರವು’ ಸರಿ ಎನಿಸುತ್ತದೆ. ಹೋಗುವುದು ವಸ್ತು, ತೆರವಾಗುವುದು ಅದು ಕೂತಿದ್ದ ಜಾಗ. ‘ಯೂಸ್ ಆಫ್ಟರ್ ಫ್ರೀ’ ಎಂಬ ಕುಖ್ಯಾತ ದೋಷ ಹೀಗೆ ‘ತೆರವಿನ ನಂತರದ ಬಳಕೆ’ ಆಗುತ್ತದೆ. ನಾನೇ ಬರೆದ ಡ್ರೈವರ್ ಒಂದರಲ್ಲಿ ಇದನ್ನು ಅನುಭವಿಸಿದ್ದೇನೆ: ಕೇಬಲ್ ಕಿತ್ತೆ, ಎಲ್ಲವೂ ಸ್ತಬ್ಧವಾಯಿತು, ದಾಖಲೆಯ ತುಂಬ 6ಬಿ 6ಬಿ 6ಬಿ ಎಂಬ ಬೈಟುಗಳು. ದೋಷ ಪತ್ತೆಯ ಏರ್ಪಾಡನ್ನು ಚಾಲೂ ಮಾಡಿದ್ದರೆ ತೆರವಾದ ಜಾಗಕ್ಕೆಲ್ಲ ಕರ್ನೆಲ್ ಇದೇ ಬೈಟನ್ನು ಬಳಿದಿಡುತ್ತದೆ. ಅದಕ್ಕೆ ಅಲ್ಲಿಯ ಹೆಸರು ‘ವಿಷ’. ಅಲ್ಲಿ ಅನುವಾದದ ಕಷ್ಟವಿಲ್ಲ.

ಕೊನೆಯದಾಗಿ ಒಂದು ಸ್ಥಿತಿಗೆ ಹೆಸರು ಬೇಕು. ಹಿಡಿತ ಇದೆ, ಆದ್ದರಿಂದ ವಸ್ತು ಮೆಮೊರಿಯಲ್ಲಿದೆ. ಯಂತ್ರ ಮಾತ್ರ ಕಿತ್ತುಹೋಗಿದೆ. ಹಿಡಿತ ಮೆಮೊರಿಯನ್ನು ಉಳಿಸಬಲ್ಲದು, ಯಂತ್ರವನ್ನು ಉಳಿಸಲಾರದು. ಅದಕ್ಕೇ ಡಿಆರ್‌ಎಮ್‌ನಲ್ಲಿ ಯಂತ್ರವನ್ನು ಮುಟ್ಟುವ ಮೊದಲು ‘ಎಂಟರ್’, ಮುಟ್ಟಿದ ಮೇಲೆ ‘ಎಗ್ಸಿಟ್’ ಎಂಬ ಜೋಡಿ ಕರೆಗಳಿವೆ. ಸಾಧನವನ್ನು ಕಳಚಲಾಗಿದೆ ಎಂದು ಗುರುತು ಹಾಕಿದ ಮೇಲೆ ಯಾರಿಗೂ ಒಳಗೆ ಹೋಗಲು ಬಿಡುವುದಿಲ್ಲ. ಆಗಲೇ ಒಳಗಿದ್ದವರು ಹೊರಬರುವ ತನಕ ಕಳಚುವ ಕೆಲಸ ಕಾಯುತ್ತದೆ. ಇವಕ್ಕೆ ‘ಹೊಗು’, ‘ಹೊರಡು’ ಎಂದಿದ್ದೇನೆ. ಇಂಗ್ಲಿಷಿನವರು ಈ ಸ್ಥಿತಿಯಲ್ಲಿರುವ ವಸ್ತುವನ್ನು ‘ಜಾಂಬಿ’ ಎಂದು ಕರೆಯುವುದುಂಟು. ನಮ್ಮಲ್ಲಿ ‘ಇದ್ದೂ ಇಲ್ಲದ’ ಎಂಬ ಮಾತಿದೆ, ಅದು ಎಷ್ಟೋ ಕರಾರುವಾಕ್ಕಾಗಿದೆ. ಆದರೆ ಅದರಿಂದ ನಾಮಪದ ಮಾಡುವ ಬಗೆ ತಿಳಿಯಲಿಲ್ಲ.

ಇದೇ ಕಷ್ಟ ಮೂಲ ಪ್ರಶ್ನೆಯಲ್ಲಿಯೂ ಇದೆ. ವಾಕ್ಯದಲ್ಲಿ ‘ತನಕ’ ಸಾಕಾದರೂ ತಲೆಬರಹಕ್ಕೆ, ಪದಸೂಚಿಗೆ ಒಂದು ನಾಮಪದ ಬೇಕೇ ಬೇಕು. ಸದ್ಯಕ್ಕೆ ನನ್ನ ಒಲವು ‘ಇರವು’ ಎಂಬ ಹಳೆಯ ಪದದ ಕಡೆಗೆ. ಅದರಲ್ಲಿ ಗಡುವಿಲ್ಲ, ವಿಧಿ ಇಲ್ಲ, ಜೀವವಿಲ್ಲದ ವಸ್ತುವಿಗೆ ಜೀವ ಅಂಟಿಸುವ ತೊಂದರೆಯೂ ಇಲ್ಲ. ‘ವಸ್ತುವಿನ ಇರವು’, ‘ಇರವಿನ ಕೊನೆ’ ಎಂದರೆ ಕಿವಿಗೆ ಹಿತವಾಗಿದೆ. ಆದರೆ ‘ಇರವು’ ಎಂದರೆ ಇದೆ ಎಂಬ ಸಂಗತಿಯಷ್ಟೇ, ಎಲ್ಲಿಂದ ಎಲ್ಲಿಯ ತನಕ ಎಂಬ ವ್ಯಾಪ್ತಿ ಅದರಲ್ಲಿ ಬರುವುದಿಲ್ಲ ಎಂದು ಅದೇ ಪೆನ್ಸಿಲಿನ ಗೆಳೆಯರು ಹೇಳಿದ್ದಾರೆ. ನೀವು ಏನನ್ನುತ್ತೀರಿ? ಇರವು, ಹಿಡಿತ, ತೆರವು ಎಂಬ ಈ ಮೂರರಲ್ಲಿ ಯಾವುದು ಸಲ್ಲುತ್ತದೆ, ಯಾವುದು ಸಲ್ಲದು ಎಂದು ತಿಳಿಸಿದರೆ ಉಪಕಾರವಾಗುತ್ತದೆ. ಉತ್ತರ ಬರುವ ತನಕ ಆ ಅಧ್ಯಾಯದ ತಲೆಬರಹ ‘ಯಾವುದರ ತನಕ?’ ಎಂದೇ ಇರುತ್ತದೆ.