ಅಡಿಕೆ ಸುಲಿಯೋ ಮಿಷನ್ ಟ್ರೇಲರ್‌ಗೆ ಬ್ರೇಕ್ ಕಂಟ್ರೋಲರ್: ಯಾವುದು ತಗೊಳ್ಳೋದು, ಹೇಗೆ ಕೂರಿಸೋದು?

ಮೇಗರವಳ್ಳಿ ತೋಟ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಮೇಗರವಳ್ಳಿ ಹತ್ತಿರ. ಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಯೋ ಮಿಷನ್ ತಗೊಂಡು ಮನೆ ಮನೆಗೆ ಹೋಗುತ್ತೇವೆ. ಇಷ್ಟು ದಿನ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಎಳೆಯುತ್ತಿದ್ದೆವು. ಈಗ ಇಸುಜು ವಿ-ಕ್ರಾಸ್ ಪಿಕಪ್ ಇದೆ. ಅದಕ್ಕೆ ಅಂತ ಎರಡು ಆಕ್ಸಲ್‌ನ ಟ್ರೇಲರ್ ಮಾಡಿಸಿದ್ದೇವೆ. ಮಿಷನ್, ಡೀಸೆಲ್ ಇಂಜಿನ್, ಎಲಿವೇಟರ್ ಎಲ್ಲ ಏರಿಸಿ ವೇ ಬ್ರಿಡ್ಜ್‌ಗೆ ಹಾಕಿದರೆ 1,600 ಕೆಜಿ ಚಿಲ್ಲರೆ ಬಂತು. ನಾಲ್ಕೂ ಚಕ್ರಕ್ಕೆ ಹೊರದೇಶದಿಂದ ತರಿಸಿದ 10 ಇಂಚಿನ ಎಲೆಕ್ಟ್ರಿಕ್ ಡ್ರಮ್ ಬ್ರೇಕ್ ಹಾಕಿದ್ದಾರೆ. ಆ ಬ್ರೇಕ್‌ಗೆ ಎಷ್ಟು ಕರೆಂಟ್ ಹೋಗಬೇಕು ಅಂತ ನೋಡಿಕೊಳ್ಳೋ, ಗಾಡಿಯೊಳಗೆ ಕೂರಿಸೋ ಕಂಟ್ರೋಲರ್ ಮಾತ್ರ ಇನ್ನೂ ತಗೊಂಡಿಲ್ಲ.

ಒಂದು ಕಡೆ ಕೇಳಿದರೆ ಟೈಮರ್ ಇರೋ ಕಡಿಮೆ ದುಡ್ಡಿನದು ಸಾಕು ಅಂದರು. ಇನ್ನೊಂದು ಕಡೆ ಪ್ರೊಪೋರ್ಷನಲ್ ಬೇಕೇ ಬೇಕು ಅಂದರು. ಬೆಲೆಯಲ್ಲಿ ತುಂಬಾ ವ್ಯತ್ಯಾಸ ಇದೆ. ನಾವು ಓಡಾಡೋದು ಹೊಸನಗರ, ನಗರ ಕಡೆ. ಕೆಲವೊಮ್ಮೆ ಹುಲಿಕಲ್ ಘಾಟಿ ಇಳಿದು ಸಿದ್ದಾಪುರದವರೆಗೂ ಹೋಗಬೇಕಾಗುತ್ತದೆ. ತೋಟದ ದಾರಿಗಳಂತೂ ಗೊತ್ತಲ್ಲ, ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ. ಮಳೆ ಬಂದರೆ ಕೆಂಪು ಮಣ್ಣು ಜಾರುತ್ತದೆ. ಯಾವುದು ತಗೊಳ್ಳಲಿ? ನಮ್ಮೂರಿನ ವೈರಿಂಗ್ ಹುಡುಗನ ಕೈಲಿ ಹಾಕಿಸಬಹುದಾ?

ಕೊಪ್ಪದವನು:
ಇಷ್ಟೆಲ್ಲ ಯಾಕೆ ಸರ್, ಓವರ್‌ರನ್ ಬ್ರೇಕ್ ಹಾಕಿಸಿದ್ದರೆ ವೈರೂ ಬೇಡ, ಕಂಟ್ರೋಲರೂ ಬೇಡ. ಟ್ರೇಲರ್ ಮುಂದಕ್ಕೆ ತಳ್ಳಿದರೆ ಕೊಂಡಿಯೇ ಒತ್ತಿಕೊಂಡು ಬ್ರೇಕ್ ಹಿಡಿಯುತ್ತದೆ. ನಮ್ಮ ಸಣ್ಣ ಟ್ರೇಲರ್‌ಗೆ ಅದೇ ಇರೋದು.

ವೈರಿಂಗ್ ಶಿವಮೊಗ್ಗ:
ಮೇಗರವಳ್ಳಿಯವರೇ, ಶಿವಮೊಗ್ಗದಲ್ಲಿ ನಾನು ಮಾಡೋದು ಗಾಡಿ ವೈರಿಂಗ್ ಕೆಲಸವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಘಾಟಿ ಇಳಿಯೋ ಟ್ರೇಲರ್‌ಗೆ ಟೈಮರ್ ಕಂಟ್ರೋಲರ್ ಬೇಡ.

ಕಾರಣ ಕೇಳಿ. ಟೈಮರ್ ಕಂಟ್ರೋಲರ್‌ಗೆ ಗೊತ್ತಾಗೋದು ಒಂದೇ, ಬ್ರೇಕ್ ಲೈಟ್ ಹತ್ತಿದೆಯೋ ಇಲ್ಲವೋ ಅಂತ. ಪೆಡಲ್ ಮೇಲೆ ಕಾಲಿಟ್ಟ ಕ್ಷಣದಿಂದ ಅದು ಕರೆಂಟ್ ಏರಿಸುತ್ತಾ ಹೋಗಿ, ನೀವು ಇಟ್ಟ ಮಟ್ಟಕ್ಕೆ ಮುಟ್ಟಿಸುತ್ತದೆ. ಮೆಲ್ಲಗೆ ಒತ್ತಿದರೂ ಅಷ್ಟೇ, ಜೋರಾಗಿ ಒತ್ತಿದರೂ ಅಷ್ಟೇ. ಸಮತಟ್ಟು ರಸ್ತೆಯಲ್ಲಿ ಹೇಗೋ ನಡೆಯುತ್ತದೆ. ಹುಲಿಕಲ್ ಇಳಿಯುವಾಗ ನಾವು ಏನು ಮಾಡುತ್ತೇವೆ? ತಿರುವಿಗೆ ಮುಂಚೆ ಪೆಡಲ್ ಮೇಲೆ ಸ್ವಲ್ಪ ಕಾಲಿಟ್ಟುಕೊಂಡೇ ಇರುತ್ತೇವೆ, ಅಲ್ವಾ? ಅಷ್ಟರಲ್ಲಿ ಟ್ರೇಲರ್ ಬ್ರೇಕ್ ಪೂರ್ತಿ ಹಿಡಿದಿರುತ್ತದೆ. ಗಾಡಿಯ ಬ್ರೇಕ್ ಸುಮ್ನೆ ಇರುತ್ತದೆ, ಟ್ರೇಲರ್ ಡ್ರಮ್ ಒಂದೇ ದುಡಿಯುತ್ತದೆ. ನಾಲ್ಕು ತಿರುವು ಕಳೆಯೋದರೊಳಗೆ ಡ್ರಮ್ ಕಾದು ವಾಸನೆ ಬರುತ್ತದೆ. ಕಾದ ಬ್ರೇಕ್ ಶೂ ಹಿಡಿಯೋದಿಲ್ಲ. ತುರ್ತಾಗಿ ನಿಲ್ಲಿಸಬೇಕಾದಾಗ ಇದರ ಉಲ್ಟಾ. ನೀವು ಜೋರಾಗಿ ಒತ್ತಿರುತ್ತೀರಿ, ಅದು ಇನ್ನೂ ಏರುತ್ತಾ ಇರುತ್ತದೆ. 1,600 ಕೆಜಿ ಬಂದು ಹಿಂದಿನಿಂದ ತಳ್ಳುತ್ತದೆ.

ಪ್ರೊಪೋರ್ಷನಲ್ ಕಂಟ್ರೋಲರ್ ಒಳಗೆ ಸೆನ್ಸರ್ ಇರುತ್ತದೆ. ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಅಂತ ನೋಡಿಕೊಂಡು ಅಷ್ಟಕ್ಕೆ ತಕ್ಕ ಕರೆಂಟ್ ಕೊಡುತ್ತದೆ. ಅಮೆರಿಕದಲ್ಲಿ ಟೆಕೋನ್ಶಾ ಪ್ರಾಡಿಜಿ ಪಿ3 ಜಾಸ್ತಿ ಬಳಸುತ್ತಾರೆ, ಆಸ್ಟ್ರೇಲಿಯಾದಲ್ಲಿ ರೆಡಾರ್ಕ್ ಟೋ-ಪ್ರೋ ಎಲೀಟ್. ನಿಮ್ಮ ದಾರಿಗೆ ನಾನು ರೆಡಾರ್ಕ್ ಹೇಳುತ್ತೇನೆ. ಅದರಲ್ಲಿ ಎರಡು ಮೋಡ್ ಇದೆ. ಒಂದು ಟಾರ್ ರಸ್ತೆಗೆ, ತಾನೇ ಅಳೆದು ಹಿಡಿಯೋದು. ಇನ್ನೊಂದರಲ್ಲಿ ನೀವು ನಾಬ್‌ನಲ್ಲಿ ಇಟ್ಟಷ್ಟೇ ಬ್ರೇಕ್, ಸೆನ್ಸರ್ ನಡುವೆ ಬರೋದಿಲ್ಲ. ತೋಟದ ಇಳಿಜಾರಿನಲ್ಲಿ ಮನುಷ್ಯ ನಡೆಯೋ ವೇಗದಲ್ಲಿ ಇಳಿಯುವಾಗ ಸೆನ್ಸರ್‌ಗೆ ಗಾಡಿ ನಿಧಾನವಾಗಿದ್ದು ಅಷ್ಟಾಗಿ ಗೊತ್ತಾಗೋದಿಲ್ಲ, ಟ್ರೇಲರ್ ತಳ್ಳುತ್ತಲೇ ಇರುತ್ತದೆ. ಅಲ್ಲಿ ಈ ಎರಡನೇ ಮೋಡ್ ಉಪಯೋಗಕ್ಕೆ ಬರುತ್ತದೆ. ಅದು 12 ವೋಲ್ಟಿಗೂ 24 ವೋಲ್ಟಿಗೂ ಆಗುತ್ತದೆ. ನಿಮ್ಮ ಪಿಕಪ್ 12, ಆದ್ದರಿಂದ ಟ್ರೇಲರ್ ಬ್ರೇಕ್ ಕೂಡ 12 ವೋಲ್ಟಿನದೇ ಅಂತ ಒಮ್ಮೆ ಖಾತ್ರಿ ಮಾಡಿಕೊಳ್ಳಿ.

ಕೊಪ್ಪದವರು ಹೇಳಿದ ಓವರ್‌ರನ್ ಸಣ್ಣ ಟ್ರೇಲರ್‌ಗೆ ಸರಿ. ಆದರೆ ಉದ್ದ ಇಳಿಜಾರಿನಲ್ಲಿ ಟ್ರೇಲರ್ ತಳ್ಳುತ್ತಲೇ ಇರೋದರಿಂದ ಬ್ರೇಕ್ ಉಜ್ಜುತ್ತಲೇ ಇರುತ್ತದೆ. ನಿಮ್ಮ ಇಚ್ಛೆಯಂತೆ ಬಿಡಿಸೋಕೆ ಆಗೋದಿಲ್ಲ. ಇವರ ಟ್ರೇಲರ್‌ಗೆ ಎಲೆಕ್ಟ್ರಿಕ್ ಹಾಕಿಸಿದ್ದೇ ಒಳ್ಳೆಯದಾಯಿತು.

ಇನ್ನು ವೈರಿಂಗ್. ಊರಿನ ಹುಡುಗ ಮಾಡಬಹುದು, ಆದರೆ ಹಾರ್ನ್, ಫಾಗ್ ಲೈಟ್ ಹಾಕಿದ ಹಾಗೆ ಮಾಡಬಾರದು. ಈ ಬ್ರೇಕ್ ಕೆಲಸ ಮಾಡೋದು ಮ್ಯಾಗ್ನೆಟ್‌ನಿಂದ. ಕರೆಂಟ್ ಹರಿದಾಗ ಮ್ಯಾಗ್ನೆಟ್ ತಿರುಗೋ ಡ್ರಮ್‌ಗೆ ಅಂಟಿಕೊಂಡು ಅದರ ಜೊತೆ ಸ್ವಲ್ಪ ಎಳೆಸಿಕೊಳ್ಳುತ್ತದೆ. ಆ ಎಳೆತಕ್ಕೆ ಲಿವರ್ ತಿರುಗಿ ಶೂ ಅಗಲವಾಗುತ್ತದೆ. 10 ಇಂಚಿನ ಒಂದೊಂದು ಬ್ರೇಕ್ ಸುಮಾರು 3 ಆಂಪಿಯರ್ ಎಳೆಯುತ್ತದೆ, ನಾಲ್ಕಕ್ಕೆ 12. ವೈರ್ ಸಣ್ಣದಾದರೆ ವೋಲ್ಟ್ ದಾರಿಯಲ್ಲೇ ಬಿದ್ದುಹೋಗುತ್ತದೆ. ಕಂಟ್ರೋಲರ್ ಪೂರ್ತಿ ತೋರಿಸುತ್ತಿರುತ್ತದೆ, ಚಕ್ರ ಹಿಡಿಯೋದಿಲ್ಲ. ಕಡಿಮೆ ಅಂದರೂ 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹಾಕಿಸಿ. ಬ್ಯಾಟರಿ ಪ್ಲಸ್‌ನಿಂದ ಬೇರೆಯೇ ಲೈನ್, ಬ್ಯಾಟರಿ ಪಕ್ಕದಲ್ಲೇ 20 ಆಂಪಿಯರ್ ಸರ್ಕ್ಯೂಟ್ ಬ್ರೇಕರ್.

ಟೆಕೋನ್ಶಾದಲ್ಲಿ ಕಪ್ಪು ವೈರ್ ಬ್ಯಾಟರಿ ಪ್ಲಸ್, ಬಿಳಿ ಅರ್ಥ್, ಕೆಂಪು ಬ್ರೇಕ್ ಲೈಟ್ ಸ್ವಿಚ್‌ಗೆ, ನೀಲಿ ಹಿಂದಕ್ಕೆ ಟ್ರೇಲರ್ ಬ್ರೇಕ್‌ಗೆ. ನಮ್ಮಲ್ಲಿ ಕಪ್ಪು ಅಂದರೆ ಅರ್ಥ್ ಅಂತ ಕೈ ತಾನಾಗೇ ಹೋಗುತ್ತದೆ, ಹುಡುಗನಿಗೆ ಮೊದಲೇ ಹೇಳಿ. ಯಾವುದೇ ಕಂಪನಿ ಆಗಲಿ, ಅದರ ಜೊತೆ ಬಂದ ಚಿತ್ರ ಇಟ್ಟುಕೊಂಡೇ ಕೂರಲಿ. ಪಿಕಪ್ ಕಡೆಯ ವೈರ್ ಬಣ್ಣವನ್ನಂತೂ ನಂಬಬೇಡಿ. ಪೆಡಲ್ ಒತ್ತಿದಾಗ ಮಾತ್ರ 12 ವೋಲ್ಟ್ ಬರೋ ವೈರ್ ಯಾವುದು ಅಂತ ಮೀಟರ್ ಹಿಡಿದು ಹುಡುಕಬೇಕು. ಅರ್ಥ್ ಅನ್ನು ಬಾಡಿಯ ಯಾವುದೋ ಬೋಲ್ಟ್‌ಗೆ ಸುತ್ತಬೇಡಿ, ಬ್ಯಾಟರಿ ಮೈನಸ್‌ವರೆಗೂ ತಗೊಂಡು ಹೋಗಿ. ಟ್ರೇಲರ್‌ಗೂ ಸಾಕೆಟ್ ಮೂಲಕ ಪ್ರತ್ಯೇಕ ಅರ್ಥ್ ವೈರ್ ಬೇಕು. ಗ್ರೀಸ್ ಹಚ್ಚಿದ ಕೊಂಡಿಯ ಮೇಲೆ ಅರ್ಥ್ ನಿಲ್ಲೋದಿಲ್ಲ.

ಸೆನ್ಸರ್ ಇರೋ ಡಬ್ಬಿಯನ್ನು ಗಟ್ಟಿಯಾಗಿ ಸ್ಕ್ರೂ ಮಾಡಿ. ಟೇಪ್, ಟೈ ಹಾಕಿ ನೇತು ಬಿಟ್ಟರೆ ಅದು ಅಲ್ಲಾಡಿದ್ದನ್ನೇ ಬ್ರೇಕ್ ಅಂದುಕೊಳ್ಳುತ್ತದೆ. ನಾಬ್ ಕೈಗೆ ಸಿಗಬೇಕು, ಮೊಣಕಾಲಿಗೆ ತಾಗಬಾರದು, ಏರ್‌ಬ್ಯಾಗ್ ದಾರಿಯಲ್ಲಿ ಇರಬಾರದು.

ಹೊಸನಗರ ರಸ್ತೆ:
ಮೇಲಿನವರು ವಿವರವಾಗಿ ಬರೆದಿದ್ದಾರೆ. ನನ್ನದು ಎರಡು ಮಾತು. ಡೀಸೆಲ್ ಇಂಜಿನ್ನನ್ನು ಟ್ರೇಲರ್‌ನ ಹಿಂದಿನ ತುದಿಗೆ ಕೂರಿಸಿದ್ದರೆ ಮುಂದಕ್ಕೆ ತನ್ನಿ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಕೊಂಡಿಯ ಮೇಲೆ ಬೀಳಬೇಕು, ಇಲ್ಲದಿದ್ದರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ. ಹಾಗೆ ಅಲ್ಲಾಡಿದರೆ ಗಾಡಿಯ ಬ್ರೇಕ್ ತುಳಿಯಬೇಡಿ. ಆಕ್ಸಲರೇಟರ್ ಬಿಟ್ಟು, ಕೈಯಲ್ಲಿ ಕಂಟ್ರೋಲರ್‌ನ ಮ್ಯಾನುಯಲ್ ಬ್ರೇಕ್ (ಟ್ರೇಲರ್ ಬ್ರೇಕ್ ಮಾತ್ರ ಹಿಡಿಸೋದು) ಮೆಲ್ಲಗೆ ಒತ್ತಿ, ಟ್ರೇಲರ್ ನೇರ ಆಗುತ್ತದೆ. ಇನ್ನೊಂದು, ನಿಮ್ಮ ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಎಷ್ಟು ತೂಕ ಎಳೆಯಬಹುದು ಅಂತ ಬರೆದಿದೆ ನೋಡಿ. ಟ್ರೇಲರ್‌ಗೆ ಆರ್‌ಟಿಒ ರಿಜಿಸ್ಟ್ರೇಷನ್ ಬೇರೆ ಆಗಬೇಕು, ಅದನ್ನೂ ಮಾಡಿಸಿಬಿಡಿ.

ಮೇಗರವಳ್ಳಿ ತೋಟ:
ಇಬ್ಬರಿಗೂ ತುಂಬಾ ಉಪಕಾರವಾಯ್ತು. ಪ್ರೊಪೋರ್ಷನಲ್ ಅಂತ ತೀರ್ಮಾನ ಮಾಡಿದೆ. ಕೂರಿಸಿದ ಮೇಲೆ ಗೇನ್, ಅಂದರೆ ಟ್ರೇಲರ್ ಬ್ರೇಕ್ ಎಷ್ಟು ಜೋರಾಗಿ ಹಿಡಿಯಬೇಕು ಅನ್ನೋ ಮಟ್ಟ, ಎಷ್ಟಕ್ಕೆ ಇಡೋದು? ಟ್ರೇಲರ್ ಮಾಡಿದವರು ಬ್ರೇಕ್‌ಅವೇ ಸ್ವಿಚ್ ಅಂತ ಒಂದು ಕೊಟ್ಟಿದ್ದಾರೆ, ಅದು ಬೇಕಾ?

ವೈರಿಂಗ್ ಶಿವಮೊಗ್ಗ:
ಬ್ರೇಕ್‌ಅವೇ ಬೇಕೇ ಬೇಕು, ಬಿಡಬೇಡಿ. ಟ್ರೇಲರ್ ಕಳಚಿಕೊಂಡರೆ ಅದರ ಪಿನ್ ಕಿತ್ತು ಬಂದು, ಟ್ರೇಲರ್ ಮೇಲಿನ ಸಣ್ಣ ಬ್ಯಾಟರಿಯಿಂದಲೇ ನಾಲ್ಕೂ ಚಕ್ರ ಹಿಡಿಯುತ್ತದೆ. ಆಸ್ಟ್ರೇಲಿಯಾದಲ್ಲಿ 2 ಟನ್ ದಾಟಿದ ಟ್ರೇಲರ್‌ಗೆ ಇದು ಕಡ್ಡಾಯ, ಕನಿಷ್ಠ 15 ನಿಮಿಷ ಹಿಡಿದಿರಬೇಕು ಅಂತ ಅಲ್ಲಿನ ನಿಯಮ. ನಿಮ್ಮದು ಅಷ್ಟು ತೂಕ ಇಲ್ಲ, ಆದರೆ ನಮ್ಮ ಘಾಟಿಯಲ್ಲಿ ಕೆಳಗಿನ ತಿರುವಿನಲ್ಲಿ ಬಸ್ಸು ಬರುತ್ತಿರುತ್ತದೆ. ಅದರ ಕೇಬಲ್ಲನ್ನು ಪಿಕಪ್ ಚಾಸಿಗೆ ಕಟ್ಟಿ, ಕೊಂಡಿಗೂ ಬೇಡ, ಸೇಫ್ಟಿ ಚೈನಿಗೂ ಬೇಡ. ಪರೀಕ್ಷೆ ಮಾಡುವಾಗ ಟ್ರೇಲರ್ ಪ್ಲಗ್ ಕಿತ್ತಿಟ್ಟು ಪಿನ್ ಎಳೆಯಿರಿ, ಇಲ್ಲದಿದ್ದರೆ ಕಂಟ್ರೋಲರ್‌ಗೆ ಪೆಟ್ಟಾಗಬಹುದು.

ಗೇನ್‌ಗೆ ಇಷ್ಟೇ ಅಂತ ಅಂಕಿ ಇಲ್ಲ. ಪೂರ್ತಿ ಲೋಡ್ ಹಾಕಿಕೊಂಡು, ಒಣಗಿದ ಸಮತಟ್ಟು ಟಾರ್ ರಸ್ತೆಯಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ 40 ಕಿಮೀ ವೇಗದಲ್ಲಿ ಹೋಗಿ. ಮ್ಯಾನುಯಲ್ ಬ್ರೇಕ್ ಮಾತ್ರ ಪೂರ್ತಿ ಒತ್ತಿ. ಚಕ್ರ ಲಾಕ್ ಆಗಿ ಎಳೆದರೆ ಗೇನ್ ಇಳಿಸಿ, ಟ್ರೇಲರ್ ಹಿಡಿದ ಹಾಗೇ ಅನಿಸದಿದ್ದರೆ ಏರಿಸಿ. ಲಾಕ್ ಆಗೋದಕ್ಕಿಂತ ಒಂದು ಚೂರು ಕೆಳಗೆ ನಿಲ್ಲಿಸಿ. ಹೊಸ ಶೂ ಡ್ರಮ್‌ಗೆ ಕೂತ ಮೇಲೆ ಹಿಡಿತ ಜಾಸ್ತಿಯಾಗುತ್ತದೆ, ಆಗ ಇನ್ನೊಮ್ಮೆ ಇದೇ ರೀತಿ ನೋಡಿ. ಖಾಲಿ ಟ್ರೇಲರ್‌ಗೂ, ಒದ್ದೆ ಮಣ್ಣಿಗೂ ಗೇನ್ ಇಳಿಸಲೇಬೇಕು. ಟಾರಿಗೆ ಇಟ್ಟ ಗೇನ್‌ನಲ್ಲೇ ತೋಟಕ್ಕೆ ಇಳಿದರೆ ಚಕ್ರ ಲಾಕ್ ಆಗಿ ಟ್ರೇಲರ್ ಹಳ್ಳದ ಕಡೆಗೆ ಜಾರುತ್ತದೆ. ಘಾಟಿಯಲ್ಲಿ ಎರಡನೇ ಗೇರ್ ಹಾಕಿ ಇಂಜಿನ್ನಿನಿಂದಲೇ ಹಿಡಿದು, ಬ್ರೇಕ್ ಬಿಟ್ಟು ಬಿಟ್ಟು ಒತ್ತಿ.

ಮಳೆಗಾಲ ಪೂರ್ತಿ ಟ್ರೇಲರ್ ಕೊಟ್ಟಿಗೆ ಪಕ್ಕ ನಿಂತಿರುತ್ತದೆ ಅಲ್ವಾ? ಕೊಯ್ಲಿಗೆ ಹೊರಡೋ ಮುಂಚೆ ಒಂದು ಡ್ರಮ್ ಬಿಚ್ಚಿಸಿ. ಮ್ಯಾಗ್ನೆಟ್ ಉಜ್ಜೋ ಜಾಗಕ್ಕೆ ತುಕ್ಕು ಹಿಡಿದಿದ್ದರೆ ಎಮೆರಿ ಪೇಪರ್‌ನಲ್ಲಿ ತಿಕ್ಕಿ. ಒಂದೊಂದು ಮ್ಯಾಗ್ನೆಟ್ಟಿಗೂ ಮೀಟರ್ ಹಿಡಿದರೆ 3ರಿಂದ 4 ಓಮ್ ತೋರಿಸಬೇಕು. ಸಾಕೆಟ್ ಪಿನ್ ಹಸಿರು ಬಣ್ಣಕ್ಕೆ ತಿರುಗಿದ್ದರೆ ಉಜ್ಜಿ, ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿಡಿ. ಹುಡುಗ ವೈರಿಂಗ್‌ಗೆ ಕೂತ ದಿನ ಏನಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಫೋಟೋ ಹಾಕಲಿ, ನೋಡಿ ಹೇಳುತ್ತೇನೆ.