‘ಸೊಂಟ ಬಗ್ಗಿಸು’ ಎಂದರೆ ಎಲ್ಲಿ ಬಗ್ಗಬೇಕು?

ಕೇರಳಕ್ಕೆ ಸೇರಿದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಜಿಮ್ಮಿನಲ್ಲಿ ನಾವು ಏಳೆಂಟು ಮಂದಿ ಕನ್ನಡದವರಿದ್ದೇವೆ. ಕಾಲಿಗೂ ಸೊಂಟಕ್ಕೂ ಬಲ ಬರಲಿಕ್ಕೆ ವಾರಕ್ಕೆರಡು ದಿನದ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸುವ ಕೆಲಸ ನನ್ನದು. ಸೋಮವಾರ ಸ್ಕ್ವಾಟ್, ಗುರುವಾರ ಡೆಡ್‌ಲಿಫ್ಟ್ (ನೆಲದಲ್ಲಿರುವ ಭಾರದ ಸರಳನ್ನು ನೆಟ್ಟಗೆ ನಿಲ್ಲುವವರೆಗೆ ಎತ್ತುವುದು), ಎಂಟೆಂಟರಂತೆ 3 ಸುತ್ತು, ಸುತ್ತಿಗೊಮ್ಮೆ 2 ನಿಮಿಷ ಬಿಡುವು. ಸ್ಕ್ವಾಟಿಗೆ ಬಸ್ಕಿ ಎಂದೇ ಬರೆದೆ. ಶಾಲೆಯಲ್ಲಿ ಕಿವಿ ಹಿಡಿದು ಹೊಡೆದ ಬಸ್ಕಿ ನೆನಪಾದರೂ ಅಷ್ಟು ಒಳ್ಳೆಯ ಪದವನ್ನು ಬಿಡಬಾರದು. ತೊಡಕಾದದ್ದು ಡೆಡ್‌ಲಿಫ್ಟಿನಲ್ಲಿ.

‘ಸೊಂಟ ಬಗ್ಗಿಸಿ ಭಾರ ಎತ್ತಿ’ ಎಂದು ಬರೆದಿದ್ದೆ. ಹೊಸದಾಗಿ ಸೇರಿದ ಹುಡುಗನೊಬ್ಬ ಅದನ್ನೋದಿ ಬೆನ್ನನ್ನು ಬಿಲ್ಲಿನ ಹಾಗೆ ಬಾಗಿಸಿ ಸರಳಿಗೆ ಕೈ ಹಾಕಿದ. ಕಲಿಸುವವರು ಮಲಯಾಳಿ, ‘ನಡು ವಳಯ್ಕರುದ್!’ (ನಡು ಬಾಗಿಸಬಾರದು) ಎನ್ನುತ್ತ ಓಡಿಬಂದು ಅವನ ಬೆನ್ನಿನುದ್ದಕ್ಕೆ ಒಂದು ಕೋಲು ಹಿಡಿದರು. ತಲೆಯ ಹಿಂಬದಿ, ಹೆಗಲುಗಳ ನಡುವೆ, ಬೆನ್ನಿನ ಬುಡ, ಈ ಮೂರೂ ಕೋಲಿಗೆ ತಾಗಿಕೊಂಡಿರುವಂತೆಯೇ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಇಳಿಯಬೇಕು. ಹುಡುಗ ಸರಿಯಾಗಿಯೇ ಓದಿದ್ದ. ನನ್ನ ಮಾತೇ ಸಾಲದೆ ಹೋಯಿತು, ಅದು ನನ್ನನ್ನು ಇನ್ನೂ ಕೊರೆಯುತ್ತಿದೆ.

ಡೆಡ್‌ಲಿಫ್ಟಿನಲ್ಲಿ ಮೇಲೆತ್ತುವ ಬಲ ಮುಖ್ಯವಾಗಿ ಪೃಷ್ಠದಿಂದ, ತೊಡೆಯ ಹಿಂಬದಿಯಿಂದ ಬರುತ್ತದೆ. ಬೆನ್ನಿನ ಕೆಳಗಿನ ಸ್ನಾಯುಗಳು ಬೆನ್ನುಮೂಳೆ ಬಾಗದಂತೆ ಬಿಗಿಹಿಡಿಯುತ್ತವೆ. ಒಂದು ಜಾಗ ಮಡಚಬೇಕು, ಅದಕ್ಕೆ ತಾಗಿಕೊಂಡೇ ಇರುವ ಇನ್ನೊಂದು ಅಲುಗಬಾರದು. ನಮಗೆ ಎರಡೂ ಸೊಂಟವೇ. ಪಟ್ಟಿ ಕಟ್ಟುವಲ್ಲಿ ಸೊಂಟ, ಮಗುವನ್ನು ಎತ್ತಿಕೊಳ್ಳುವಲ್ಲಿ ಸೊಂಟ, ನೋವು ಬಂದರೆ ಬೆನ್ನಿನ ಬುಡವೂ ಸೊಂಟ. ಮಲಯಾಳದಲ್ಲಿ ಸೊಂಟನೋವಿಗೆ ‘ನಡುವೇದನ’ ಎನ್ನುತ್ತಾರೆ, ಹಾಗಾಗಿ ಅವರಿಗೆ ‘ನಡು’ ಎಂದೊಡನೆ ಬೆನ್ನಿನ ಕಡೆಗೇ ಗಮನ ಹೋಗುತ್ತದೆ. ನಡು ನಮ್ಮದೂ ಹೌದಲ್ಲ! ಆದರೆ ಕನ್ನಡದಲ್ಲಿ ಓದಿದಾಗ ನನಗೆ ಕಾವ್ಯದ ಸಣ್ಣ ನಡುವೇ ಕಣ್ಣಿಗೆ ಬರುತ್ತದೆ.

ಇನ್ನು ಕ್ರಿಯಾಪದ. ಗೊನೆಯ ಭಾರಕ್ಕೆ ಬಾಳೆ ಬಾಗುತ್ತದೆ, ಉದ್ದಕ್ಕೂ. ಕೊಡೆಯನ್ನು ಮಡಚುತ್ತೇವೆ, ಕೀಲಿದ್ದಲ್ಲಿ. ‘ಬಗ್ಗು’ ಎಂಬುದು ಎರಡಕ್ಕೂ ಸಲ್ಲುತ್ತದೆ. ನಮ್ಮಜ್ಜಿ ಗದ್ದೆಯಲ್ಲಿ ನೇಜಿ ನೆಡುವಾಗ ಬೆನ್ನನ್ನು ಹಲಗೆಯ ಹಾಗಿಟ್ಟು ತೊಡೆಸಂದಿನಿಂದಲೇ ಇಳಿಯುತ್ತಿದ್ದರು. ಕೋಲು ಹಿಡಿದು ಕಲಿಸಿದ ನಿಲುವು ಅದೇ. ಅದಕ್ಕೆ ಅವರು ಹೇಳುತ್ತಿದ್ದದ್ದೂ ಬಗ್ಗುವುದು ಎಂದೇ.

‘ತೊಡೆಸಂದಿನಲ್ಲಿ ಮಡಚಿ, ನಡು ಬಾಗದಿರಲಿ’ ಎಂದು ತಿದ್ದಿ ಬರೆಯುವ ಯೋಚನೆಯಿದೆ. ‘ತೊಡೆಸಂದು’ ಗೋಡೆಯ ಮೇಲೆ ಓದಲು ಮುಜುಗರ ಎಂದು ಇಬ್ಬರು ಹೇಳಿದರು. ನನಗೇನೂ ಹಾಗನಿಸುವುದಿಲ್ಲ, ಮೈ ಮಡಚುವುದು ಅಲ್ಲಿಯೇ. ಗರಡಿಯಲ್ಲಿ ಸಾಮು ಕಲಿತವರು ಈ ಮಡಿಕೆಗೆ ಬೇರೆ ಮಾತು ಬಳಸುತ್ತಾರೆಯೇ? ನಮ್ಮ ಕಡೆ ಟೊಂಕ ಎಂಬುದು ‘ಟೊಂಕ ಕಟ್ಟಿ ನಿಂತ’ ಎನ್ನುವಲ್ಲಿ ಮಾತ್ರ ಕೇಳುತ್ತದೆ. ಅದನ್ನು ದಿನಾ ಬಳಸುವ ಉತ್ತರ ಕರ್ನಾಟಕದವರು ದಯವಿಟ್ಟು ಹೇಳಿ, ಟೊಂಕ ನೋಯುತ್ತದೆ ಎನ್ನುವಾಗ ನಿಮ್ಮ ಕೈ ಪಕ್ಕಕ್ಕೆ ಹೋಗುತ್ತದೋ, ಹಿಂದಕ್ಕೋ?